ಐದು ವರ್ಷದ ಖಾತೆ

(ಕಲಬುರಗಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೂ, ಮುಂದಿನ ಸಾಲಿನಲ್ಲಿರುವ ತಾಯಂದಿರಿಗೂ, ಹಿಂದಿನ ಸಾಲಿನಲ್ಲಿ ನಾಳೆಯ ಪರೀಕ್ಷೆಯ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿರುವ ವಿದ್ಯಾರ್ಥಿಗಳಿಗೂ ನಮಸ್ಕಾರ. ಓದಿಕೊಳ್ಳಿ, ನನಗೇನೂ ಬೇಸರವಿಲ್ಲ. ನಾನೂ ಹಾಗೆಯೇ ಪಾಸಾದವನು.

ಕ್ಯಾನ್ಸರ್ ಶಸ್ತ್ರಚಿಕಿತ್ಸಕನ, ಅದರಲ್ಲೂ ಕಾಲೇಜಿನಲ್ಲಿ ಪಾಠ ಹೇಳುವ ಶಸ್ತ್ರಚಿಕಿತ್ಸಕನ ವೃತ್ತಿಜೀವನದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಇಂಥ ಮಾತಿಗೆ ಬಂದವರು ದೊಡ್ಡ ಆಪರೇಷನ್‌ಗಳ ಕಥೆಗೆ ಕಾಯುತ್ತಾರೆ. ಎಂಟು ತಾಸು ನಿಂತು ದವಡೆ ಕಟ್ಟಿದ ಕಥೆ ನನ್ನಲ್ಲೂ ಒಂದಿದೆ. ಹೇಳಿದಾಗಲೆಲ್ಲ ಅದು ಒಂದು ತಾಸು ಬೆಳೆಯುತ್ತದೆ ಎಂದು ನನ್ನ ಹೆಂಡತಿಯ ದೂರು. ಅದನ್ನು ಬಿಟ್ಟು ಇವತ್ತು ಗಂಜ್‌ನಿಂದ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯಿಂದ, ಶುರು ಮಾಡುತ್ತೇನೆ.

ಚಿಕ್ಕವನಿದ್ದಾಗ ಅಪ್ಪನ ಜೊತೆ ತೊಗರಿ ಚೀಲ ಹೇರಿದ ಬಂಡಿಯಲ್ಲಿ ಕುಳಿತು ಗಂಜ್‌ಗೆ ಬರುತ್ತಿದ್ದೆ. ಅಡತಿ ಅಂಗಡಿಯ ಸಾಹುಕಾರರು ಗಾದಿಯ ಮೇಲೆ ಕುಳಿತು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕ ಬಿಚ್ಚುತ್ತಿದ್ದರು. ತಲೆಯನ್ನೂ ಎತ್ತದೆ, "ಆಚೆ ವರ್ಷ ಕಾರಹುಣ್ಣಿಮೆಗೆ ಬೀಜಕ್ಕೆಂದು ಒಯ್ದದ್ದು ಇನ್ನೂ ನಿಂತಿದೆಯಲ್ಲ ಗೌಡರೇ" ಎನ್ನುತ್ತಿದ್ದರು. ಅಪ್ಪ ನೆಲ ನೋಡುತ್ತಿದ್ದ. ಯಾವ ಊರಿನ ಯಾರು, ಯಾವ ಹಬ್ಬಕ್ಕೆ, ಎಷ್ಟು, ಯಾಕೆ, ಎಲ್ಲವೂ ಆ ಪುಸ್ತಕದಲ್ಲಿರುತ್ತಿತ್ತು. ಆಗ ನನಗೆ ಆ ಪುಸ್ತಕವೆಂದರೆ ಸಿಟ್ಟು. ಮುಂದೆ ಅದನ್ನೇ ನೆನೆದು ನಾಚಿಕೊಳ್ಳುವ ದಿನ ಬರುತ್ತದೆಂದು ಗೊತ್ತಿರಲಿಲ್ಲ.

ಓದಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಜನರಲ್ ಸರ್ಜರಿಯಲ್ಲಿ ಎಂಎಸ್‌ಗೆ 3 ವರ್ಷ, ಸರ್ಜಿಕಲ್ ಆಂಕಾಲಜಿಯಲ್ಲಿ ಎಂಸಿಎಚ್‌ಗೆ ಮತ್ತೆ 3 ವರ್ಷ. ಯಾವ ಪ್ರವೇಶ ಪರೀಕ್ಷೆಯಲ್ಲೂ ಮುಗ್ಗರಿಸದವನಿಗೆ ಹನ್ನೊಂದೂವರೆ ವರ್ಷ, ನಾನು ಮುಗ್ಗರಿಸಿದವನು. ಆಮೇಲೆ ಸೀನಿಯರ್ ರೆಸಿಡೆಂಟ್, ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ ಎಂದು ಮೆಟ್ಟಿಲು ಹತ್ತುವಷ್ಟರಲ್ಲಿ ಜೊತೆಗೆ ಓದಿದವರ ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ.

ಎಂಸಿಎಚ್‌ನ ಎರಡನೇ ವರ್ಷ, ನಾನು ಕೈಯಾರೆ ಮಾಡಿದ 40 ಆಪರೇಷನ್‌ಗಳ ಪಟ್ಟಿಯನ್ನು ಗುರುಗಳ ಮುಂದಿಟ್ಟೆ. ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, "ಒಳ್ಳೆಯದು. ಇವರಲ್ಲಿ ಇವತ್ತು ಯಾರು ಯಾರು ಬದುಕಿದ್ದಾರೆ?" ಎಂದರು. "ಎಲ್ಲರೂ ಡಿಸ್ಚಾರ್ಜ್ ಆಗಿದ್ದಾರೆ ಸರ್" ಎಂದೆ. "ಮನೆಗೆ ಹೋದವರನ್ನು ನಾನು ಕೇಳಲಿಲ್ಲವಲ್ಲ" ಎಂದು ಪಟ್ಟಿಯನ್ನು ಮರಳಿ ಕೊಟ್ಟರು. ಗಂಜ್‌ನ ಸಾಹುಕಾರರು ನೆನಪಾದರು. ಬೀಜದ ದುಡ್ಡಿಗೆ ಇರುವಷ್ಟು ಲೆಕ್ಕ ನನ್ನ ರೋಗಿಗಳ ಜೀವಕ್ಕೆ ಇರಲಿಲ್ಲ.

ಈ ಪ್ರಶ್ನೆಯನ್ನು ಕೇಳಿಕೊಳ್ಳದ ಕಾರಣಕ್ಕೆ ನಮ್ಮ ವೃತ್ತಿ ತೆತ್ತ ಬೆಲೆ ಸಣ್ಣದಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ದೊಡ್ಡ ಮನುಷ್ಯ. ಇವತ್ತಿನ ರೆಸಿಡೆನ್ಸಿ ತರಬೇತಿಗೆ ಅಡಿಪಾಯ ಹಾಕಿದವನು. ಔಷಧದ ನೀರಿನಿಂದ ಚರ್ಮ ಸುಟ್ಟುಕೊಳ್ಳುತ್ತಿದ್ದ ತನ್ನ ಥಿಯೇಟರಿನ ನರ್ಸ್‌ಗಾಗಿ ರಬ್ಬರ್ ಕೈಗವಸು ಮಾಡಿಸಿಕೊಟ್ಟವನೂ ಅವನೇ. ಕೊನೆಗೆ ಅವಳನ್ನೇ ಮದುವೆಯಾದ. 1894ರಲ್ಲಿ ಅವನು ಸ್ತನ ಕ್ಯಾನ್ಸರ್‌ಗೆ ತಾನು ಮಾಡುತ್ತಿದ್ದ ಆಪರೇಷನ್ನಿನ ಫಲಿತಾಂಶವನ್ನು ಪ್ರಕಟಿಸಿದ. ರೋಗ ಸ್ತನದಿಂದ ಕಂಕುಳಿನ ಗಂಟುಗಳಿಗೆ, ಅಂದರೆ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ಮುಂದಕ್ಕೆ ಸಾಲಾಗಿ ಹರಡುತ್ತದೆ. ಆದ್ದರಿಂದ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗಂಟು, ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕು ಎಂಬುದು ಅವನ ವಾದ. ಕೇಳಲು ನ್ಯಾಯವಾಗಿಯೇ ಇತ್ತು. ಮುಂದಿನ ಮುಕ್ಕಾಲು ಶತಮಾನ ಹೆಂಗಸರು ಪಕ್ಕೆಲುಬು ಎದ್ದು ಕಾಣುವ ಎದೆಯನ್ನೂ ಊದಿದ ತೋಳನ್ನೂ ಹೊತ್ತು ಬದುಕಿದರು.

ಅಷ್ಟು ಕೊಯ್ಯುವುದರಿಂದ ನಿಜವಾಗಿ ಹೆಚ್ಚು ಜನ ಬದುಕುತ್ತಾರೆಯೇ ಎಂದು ಎಣಿಸಿ ನೋಡಲು ಬರ್ನಾರ್ಡ್ ಫಿಶರ್ ಬರಬೇಕಾಯಿತು. 1971ರಲ್ಲಿ ಅವರು ಒಂದು ಪ್ರಯೋಗ ಆರಂಭಿಸಿದರು. ಯಾರಿಗೆ ಹಾಲ್‌ಸ್ಟೆಡ್ ಆಪರೇಷನ್, ಯಾರಿಗೆ ಚಿಕ್ಕದು ಎಂಬುದನ್ನು ವೈದ್ಯರ ಮರ್ಜಿಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿದರು. 25 ವರ್ಷ ಕಳೆದ ಮೇಲೆ ಎಣಿಸಿದಾಗಲೂ ಬದುಕಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅತ್ತ ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ, ಸ್ತನದಲ್ಲಿ ಗಡ್ಡೆ ಇರುವ ಭಾಗವನ್ನಷ್ಟೇ ತೆಗೆದು ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರೆ ಸಾಕೇ ಎಂದು 701 ಹೆಂಗಸರಲ್ಲಿ ಪರೀಕ್ಷಿಸಿ, 1981ರಲ್ಲಿ ಸಾಕು ಎಂಬ ಉತ್ತರ ಪ್ರಕಟಿಸಿದರು. ಇಬ್ಬರೂ ಸ್ವತಃ ಶಸ್ತ್ರಚಿಕಿತ್ಸಕರು ಎಂಬುದನ್ನು ಗಮನಿಸಿ. ಕಟುಕನೇ ತಕ್ಕಡಿಯ ತಪ್ಪು ತೋರಿಸಿದ ಹಾಗೆ. ಫಿಶರ್ ಅವರ ಮೇಲೆ ಸಹವೃತ್ತಿಯವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಕಡಿಮೆ ಕೊಯ್ಯುವುದೇ ಜಾಣತನ ಎಂದು ಬರೆದುಕೊಂಡಿರಾ? ಸ್ವಲ್ಪ ತಡೆಯಿರಿ.

ನಮ್ಮ ಭಾಗದ ಒಪಿಡಿಗೆ ಬನ್ನಿ. ಇಲ್ಲಿ ದೊಡ್ಡ ಕಾಟ ಬಾಯಿಯದು. ಸುಣ್ಣ ತಿಕ್ಕಿದ ತಂಬಾಕು ಮೊದಲಿನಿಂದಲೂ ಇತ್ತು, ಆಮೇಲೆ ಗುಟ್ಕಾ ಬಂತು. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯವನು ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು, ಎರಡನ್ನೂ ಬೇರೆ ಬೇರೆ ಕೊಡಲು ಕಲಿತ. ಬೆರೆಸುವ ಕೆಲಸ ಗಿರಾಕಿಗೆ ಬಂತು, ಅಷ್ಟೇ. ಈಗ ಎಲ್ಲರೂ ಬಲಗೈಯ ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ನಾಚಿಕೆ ಬೇಡ, ಪಕ್ಕದವರೂ ಅದನ್ನೇ ಮಾಡುತ್ತಿದ್ದಾರೆ. ಮೂರೂ ಹೋದವೇ? ಹೋಗದಿದ್ದವರು, ಮತ್ತು ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದವರು, ಮಾತು ಮುಗಿದ ಮೇಲೆ ನನ್ನನ್ನು ಕಾಣಿ. ನೋಯುತ್ತಿಲ್ಲ ಎಂದು ಸುಮ್ಮನಿರಬೇಡಿ. ಉಷ್ಣದ ಹುಣ್ಣು ಮೆತ್ತಗಿದ್ದು ಮೊದಲ ದಿನದಿಂದಲೇ ಉರಿಯುತ್ತದೆ. ಇನ್ನೊಂದು ಜಾತಿಯದರ ಅಂಚು ಬೆರಳಿಗೆ ಒಣಗಿದ ರೊಟ್ಟಿಯ ಅಂಚಿನ ಹಾಗೆ ಗಟ್ಟಿಯಾಗಿ ಸಿಗುತ್ತದೆ, ಶುರುವಿನಲ್ಲಿ ನೋಯುವುದೇ ಅಪರೂಪ.

2015ಕ್ಕಿಂತ ಕೆಲವು ವರ್ಷ ಹಿಂದೆ, ತೊಗರಿ ಸುಗ್ಗಿ ಮುಗಿದ ಮೇಲೆ, ಗಂಜ್‌ನ ಹಮಾಲರೊಬ್ಬರು ಬಂದರು. ನಾಲಿಗೆಯ ಬಲ ಅಂಚಿನಲ್ಲಿ ಮೂರು ನಾಲ್ಕು ತೊಗರಿ ಕಾಳು ಒತ್ತಿಟ್ಟಷ್ಟು ಅಗಲದ ಹುಣ್ಣು. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿರಲಿಲ್ಲ. ನಾಲಿಗೆಯ ಹುಣ್ಣನ್ನು ಬಾಯಿಯ ಮೂಲಕವೇ ತೆಗೆಯುವುದು ಸರಿ, ಆದರೆ ಕುತ್ತಿಗೆಯನ್ನು ಏನು ಮಾಡಬೇಕು? ಬಾಯಿಯ ಕ್ಯಾನ್ಸರ್ ಮೊದಲು ಇಳಿಯುವುದು ಕುತ್ತಿಗೆಯ ಗಂಟುಗಳಿಗೆ. ಅವನ್ನು ಸಾರಾಸಗಟಾಗಿ ತೆಗೆಯುವ ಆಪರೇಷನ್ನನ್ನು ಜಾರ್ಜ್ ಕ್ರೈಲ್ 1906ರಲ್ಲಿ ವಿವರಿಸಿದ್ದ. ಅವನ ವಿಧಾನದಲ್ಲಿ ಹೆಗಲನ್ನು ಎತ್ತುವ ನರವೂ ಹೋಗುತ್ತಿತ್ತು. ಈಗ ಆ ನರವನ್ನು ಉಳಿಸುತ್ತೇವೆ, ಆದರೂ ಅದನ್ನು ಬಿಡಿಸಿ ಸರಿಸುವಾಗ ಹೆಗಲು ಸೋಲುವುದುಂಟು. ಹಮಾಲರಿಗೆ ಹೆಗಲೇ ಹೊಲ, ಹೆಗಲೇ ಮನೆ. ಗಂಟು ಕಾಣಿಸಿಕೊಂಡರೆ ಆಗ ತೆಗೆದರಾಯಿತು ಎಂಬ ಪದ್ಧತಿಯೂ ಆಗ ಒಪ್ಪಿತವೇ ಆಗಿತ್ತು. "ಕಾಕಾ, ಕುತ್ತಿಗೆ ಮುಟ್ಟುವುದಿಲ್ಲ. ಆದರೆ ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು" ಎಂದೆ. "ಆಗಲಿ ಸಾಹೇಬರೇ" ಎಂದು ಕೈ ಮುಗಿದರು. ನಾನು ಬಹಳ ದಯಾಳುವಾಗಿ ನಡೆದುಕೊಂಡೆ ಎಂದೇ ಅಂದುಕೊಂಡೆ.

ಎರಡು ಸಲ ಬಂದರು. ಮೂರನೇ ತಿಂಗಳು ಬರಲಿಲ್ಲ.

ಇದೇ ಪ್ರಶ್ನೆಯನ್ನು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದಲೇ ಎಣಿಕೆಗೆ ಒಡ್ಡಿದ್ದರು. ಬಾಯಿಯ ಆರಂಭದ ಕ್ಯಾನ್ಸರ್, ಕುತ್ತಿಗೆಯಲ್ಲಿ ಗಂಟಿಲ್ಲ. ಅರ್ಧ ಜನರಿಗೆ ಮೊದಲೇ ಕುತ್ತಿಗೆ ಆಪರೇಷನ್, ಉಳಿದವರಿಗೆ ಗಂಟು ಬಂದಾಗ ಮಾತ್ರ. 2015ರಲ್ಲಿ 500 ರೋಗಿಗಳ ಲೆಕ್ಕ ಹೊರಬಂತು. 3 ವರ್ಷಕ್ಕೆ ಬದುಕಿದ್ದವರು, ಮೊದಲೇ ಮಾಡಿಸಿಕೊಂಡವರಲ್ಲಿ ಶೇಕಡಾ 80, ಕಾದವರಲ್ಲಿ ಶೇಕಡಾ 67.5. ಅಂದರೆ ಎಂಟು ಜನರ ಕುತ್ತಿಗೆಯನ್ನು ಮೊದಲೇ ಮುಟ್ಟಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ. ಐವತ್ತು ವರ್ಷಗಳಿಂದ ಜಗತ್ತು ವಾದಿಸುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕದ್ದು ತಂಬಾಕು ತಿನ್ನುವ ನಮ್ಮಂಥವರ ಬಾಯಿಗಳಿಂದ. ಸ್ತನದಲ್ಲಿ ಕಡಿಮೆ ಕೊಯ್ದರೂ ಸಾಕಾಗಿತ್ತು, ಇಲ್ಲಿ ಹೆಚ್ಚು ಕೊಯ್ಯಬೇಕಿತ್ತು. ಎರಡನ್ನೂ ಹೇಳಿದ್ದು ಖಾತೆ. ಗುರುವಿನ ಬಾಯಿಮಾತೂ ಅಲ್ಲ, ನನ್ನ ಮರುಕವೂ ಅಲ್ಲ.

ಇನ್ನೊಂದು ಪ್ರಯೋಗದ ಬಗ್ಗೆ ಹೇಳಲೇಬೇಕು, ಏಕೆಂದರೆ ಅದರ ಬೇರು ನಿಮ್ಮ ಮಾತಿನಲ್ಲೇ ಇದೆ. "ಚಾಕು ತಾಗಿಸಬೇಡಿ ಸಾಹೇಬರೇ, ತಾಗಿದರೆ ಮೈಯೆಲ್ಲ ಹಬ್ಬುತ್ತದೆ" ಎಂದು ಬೀದರ್‌ನಿಂದ ಬಂದವರೂ ಹೇಳುತ್ತಾರೆ, ಸುರಪುರದಿಂದ ಬಂದವರೂ ಹೇಳುತ್ತಾರೆ. ಬಯಾಪ್ಸಿಗೆ ತುಂಡು ತೆಗೆಯುವುದನ್ನು ಈ ಹೆದರಿಕೆಯಿಂದ ಮುಂದೂಡಿ ಕೆಟ್ಟವರನ್ನು ಬಹಳ ಕಂಡಿದ್ದೇನೆ; ಪರೀಕ್ಷೆ ಮಾಡಿಸದೆ ಉಳಿದ ರೋಗವೇ ಹಬ್ಬುವುದು. ನಾವು ವೈದ್ಯರು ಈ ಮಾತಿಗೆ ನಕ್ಕು ಚೀಟಿ ಬರೆಯುತ್ತೇವೆ. ಟಾಟಾ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರು ಕೇಳಿಕೊಂಡ ಪ್ರಶ್ನೆಯೇ ಬೇರೆ: ಆಪರೇಷನ್ ಮಾಡುವ ಆ ಗಳಿಗೆಯಲ್ಲಿ ಗಡ್ಡೆಯ ಸುತ್ತ ಏನಾದರೂ ಆಗುತ್ತದೆಯೇ, ಅದನ್ನು ತಡೆಯಬಹುದೇ? ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಲಿಗ್ನೊಕೇನ್ ಚುಚ್ಚುಮದ್ದನ್ನು ಸ್ತನದ ಗಡ್ಡೆಯ ಸುತ್ತ ಕೊಟ್ಟು, ಕೆಲವು ನಿಮಿಷ ಕಾದು, ಆಮೇಲೆ ಆಪರೇಷನ್ ಮಾಡಿದರು. ದೇಶದ 11 ಕೇಂದ್ರಗಳು, 1600 ಹೆಂಗಸರು. 5 ವರ್ಷಕ್ಕೆ ಬದುಕಿದ್ದವರು ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 90.1, ಪಡೆಯದವರಲ್ಲಿ 86.4. 2023ರಲ್ಲಿ ಪ್ರಕಟವಾಯಿತು. ಯಾವ ಕಂಪನಿಗೂ ಇದರಲ್ಲಿ ಲಾಭವಿಲ್ಲ. ಔಷಧದ ಬೆಲೆ ಇಲ್ಲಿಂದ ಆಳಂದಕ್ಕೆ ಹೋಗಿಬರುವ ಖರ್ಚಿನಷ್ಟೂ ಇಲ್ಲ. ಬೇರೆ ದೇಶಗಳಲ್ಲೂ ಮಾಡಿ ನೋಡಬೇಕು ಎನ್ನುವವರಿದ್ದಾರೆ, ನೋಡಲಿ. ನಕ್ಕು ಬಿಡಬಹುದಾಗಿದ್ದ ಪ್ರಶ್ನೆಯ ಹಿಂದೆ ಅಷ್ಟು ವರ್ಷ ಹೋಗುವ ಹಟ ನನಗೆ ಮುಖ್ಯವಾಗಿ ಕಾಣುತ್ತದೆ.

ಇಂಥ ಲೆಕ್ಕ ಕಲಬುರಗಿಯಲ್ಲಿ ಇಡುವುದು ಯಾಕೆ ಕಷ್ಟ ಎಂದು ತಿಳಿಯಬೇಕಾದರೆ ನಮ್ಮ ಸ್ಟೇಷನ್‌ಗೆ ಹೋಗಿ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಿಕ್ಕಿಗೆ ಹೊರಟರೆ ಮುಂಬೈ, 1941ರ ಟಾಟಾ ಆಸ್ಪತ್ರೆ. ಇನ್ನೊಂದು ದಿಕ್ಕಿಗೆ ಹೊರಟರೆ ಬೆಂಗಳೂರು, 1973ರ ಕಿದ್ವಾಯಿ. ಕಿದ್ವಾಯಿಯ ಕೇಂದ್ರ ನಮ್ಮ ಊರಿನಲ್ಲೂ ಇದೆ, ಇಲ್ಲಿ ವೈದ್ಯಕೀಯ ಕಾಲೇಜುಗಳಿಗೂ ಬರವಿಲ್ಲ. ಆದರೂ ಬಯಾಪ್ಸಿ ಇಲ್ಲಿ, ಆಪರೇಷನ್ ಸೊಲ್ಲಾಪುರದಲ್ಲಿ, ಕರೆಂಟು ಹೈದರಾಬಾದಿನಲ್ಲಿ ಎಂದು ಒಬ್ಬರ ರೋಗ ಮೂರು ಊರಿನ ಫೈಲುಗಳಲ್ಲಿ ಹರಿದು ಹಂಚಿಹೋಗುತ್ತದೆ. ಕೊಟ್ಟ ಮೊಬೈಲ್ ನಂಬರು ಮಗನದು; ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ, ಆರು ತಿಂಗಳಲ್ಲಿ ಸಿಮ್ ಬದಲಾಗಿರುತ್ತದೆ. ನನ್ನ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ "ಬಂದಿಲ್ಲ" ಎಂದು ಬರೆಯುವ ಒಂದು ಕಾಲಮ್ಮಿದೆ. "ಬಂದಿಲ್ಲ" ಎಂದರೆ ಗುಣವಾಗಿ ಮರೆತಿದ್ದಾರೆ ಎಂದೂ ಆಗಬಹುದು, ಮಣ್ಣಾಗಿದ್ದಾರೆ ಎಂದೂ ಆಗಬಹುದು. ಆ ಕಾಲಮ್ಮು ತುಂಬಿರುವ ಪುಸ್ತಕದಿಂದ ಯಾರೂ ಏನನ್ನೂ ಕಲಿಯಲಾರರು. ಹಾಗಾಗಿ ನಮ್ಮ ಘಟಕಕ್ಕೆ ಬರುವ ಹೊಸ ಹುಡುಗ ಹುಡುಗಿಯರಿಗೆ ಮೊದಲ ತಿಂಗಳು ನಾನು ಹೊಲಿಗೆ ಕಲಿಸುವುದಿಲ್ಲ. ಮೂರು ನಂಬರು ಕೇಳಿ, ಒಂದು ಅಂಗಡಿಯದಾಗಿರಲಿ. ಆಶಾ ಕಾರ್ಯಕರ್ತೆಯ ಹೆಸರು ಬರೆದುಕೊಳ್ಳಿ. ಊರಿನ ಜಾತ್ರೆ ಯಾವಾಗ ಎಂದು ಕೇಳಿ, ದುಡಿಯಲು ಹೋದವರೂ ಜಾತ್ರೆಗೆ ಬಂದೇ ಬರುತ್ತಾರೆ, ಆ ವಾರ ಫೋನ್ ಮಾಡಿ. ಎಂಎಸ್ ಮಾಡಲು ಬಂದವರಿಗೆ ಗುಮಾಸ್ತನ ಕೆಲಸ ಹಚ್ಚಿದ್ದಾರೆ ಎಂದು ಅವರು ಹಾಸ್ಟೆಲಿನಲ್ಲಿ ಬೈದುಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ.

ಆ ಹಮಾಲ ಕಾಕಾನ ಹೆಸರಿನ ಮುಂದೆಯೂ "ಬಂದಿಲ್ಲ" ಎಂದೇ ಇತ್ತು. ಟಾಟಾದ ಫಲಿತಾಂಶ ಓದಿದ ವಾರ ನಾನು ಗಂಜ್‌ಗೆ ಹೋದೆ. ಅಪ್ಪನ ಕಾಲದ ಸಾಹುಕಾರರು ಇರಲಿಲ್ಲ, ಅವರ ಮಗ ಕುಳಿತಿದ್ದರು. ಪಕ್ಕದಲ್ಲಿ ಕಂಪ್ಯೂಟರ್ ಇದ್ದರೂ ಹಮಾಲರ ಲೆಕ್ಕ ಇನ್ನೂ ಕೆಂಪು ಪುಸ್ತಕದಲ್ಲೇ ನಡೆದಿತ್ತು. ಹೆಸರು ಹೇಳಿದೆ. ಹಳೆಯ ಪುಸ್ತಕ ತರಿಸಿ ಬೆರಳು ಓಡಿಸಿದರು. ನಾನು ಆಪರೇಷನ್ ಮಾಡಿದ ತಿಂಗಳು ಕೂಲಿ ಇಲ್ಲ. ಅದರ ಮುಂದಿನ ತಿಂಗಳಿನಿಂದ ದಿನವೂ ಚೀಲಗಳ ಎಣಿಕೆ. ಹೆಗಲು ಗಟ್ಟಿಯಾಗಿಯೇ ಇತ್ತು. ಎಂಟು ತಿಂಗಳಾದ ಮೇಲೆ ಚೀಲಗಳು ಅರ್ಧಕ್ಕಿಳಿದಿದ್ದವು. ಆಮೇಲೆ "ಔಷಧಕ್ಕೆ" ಎಂದು ಮುಂಗಡ, ಮತ್ತೊಮ್ಮೆ "ಔಷಧಕ್ಕೆ", ಪುಟದ ಕೊನೆಗೆ ನಾಗರ ಪಂಚಮಿ ಮುಗಿದ ವಾರ "ಮಣ್ಣಿಗೆ" ಎಂದು ಒಂದು ಮೊತ್ತ, ಪಕ್ಕದಲ್ಲಿ ಹೆಂಡತಿಯ ಹೆಬ್ಬೆಟ್ಟು. ಆ ಮುಂಗಡವನ್ನು ವಸೂಲು ಮಾಡದೆ ಗೆರೆ ಎಳೆದು ಹೊಡೆದುಹಾಕಿದ್ದರು.

ತಾರೀಖು ಬರೆದುಕೊಂಡು ಬಂದೆ. ಕೆಂಪು ಶಾಯಿಯ ಮೇಲೆ ಕಾಗದ ಅಂಟಿಸಿ ಹೊಸದಾಗಿ ಬರೆದೆ: ಒಂದು ವರ್ಷ ಏಳು ತಿಂಗಳು, ಕುತ್ತಿಗೆ ಮುಟ್ಟಿರಲಿಲ್ಲ.