ಹುಣಸೆ ಮರದ ಯಜಮಾನರಿಗೆ ನಾವು ಉಳಿಸಿಕೊಂಡ ಬಾಕಿ

ಪ್ರೀತಿಯ ವಿದ್ಯಾರ್ಥಿಗಳೇ, ಅಧ್ಯಾಪಕ ಮಿತ್ರರೇ,

ವನ್ಯಜೀವಿ ಮತ್ತು ಹವಾಮಾನದ ಬಗ್ಗೆ ಯುವಜನರು ಏನು ಮಾಡಬಹುದು ಎಂದು ಮಾತನಾಡಲು ಕರೆದಿದ್ದೀರಿ. ಧ್ರುವಗಳಲ್ಲಿ ಹಿಮ ಕರಗುತ್ತಿರುವುದು ನಿಮ್ಮ ಪಠ್ಯದಲ್ಲೇ ಇದೆ. ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ಕಥೆ ಹೇಳುತ್ತೇನೆ.

ರಂಗನತಿಟ್ಟಿನಲ್ಲಿ ಹಕ್ಕಿಗಳನ್ನು ಕಾಯಲು ಕಾವೇರಿ ಇದ್ದಾಳೆ. ನಡುಗಡ್ಡೆಯ ಸುತ್ತ ನೀರು, ನೀರಿನಲ್ಲಿ ಮೊಸಳೆ. ಬೆಳ್ಳೂರಿನಲ್ಲಿ ಅಂಥ ಕಾವಲಿಲ್ಲ. ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಯ ಹಿತ್ತಲಿನಲ್ಲಿ, ಬೀದಿಯ ಬದಿಯಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ. ಕೆಳಗೆ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ, ಮೇಲೆ ತಾಯಿ ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆದರೆ ಊರಿನವರು ಯಾರ ಗಮನಕ್ಕೂ ಕಾಯದೆ ತಲೆಮಾರುಗಳಿಂದ ಈ ಹಕ್ಕಿಗಳನ್ನು ಸಲಹಿಕೊಂಡು ಬಂದಿದ್ದರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅಲ್ಲಿನ ಹಿರಿಯರು ಅವುಗಳನ್ನು ಕರೆಯುತ್ತಾರೆ.

ಈ ಮಾತನ್ನು ಕೇಳಿ ಹೊರಗಿನವರು ಭಾವುಕರಾಗುತ್ತಾರೆ. ಭಾವುಕರಾಗಿ ಮನೆಗೆ ಮರಳಿದರೆ ಸಾಲದು. ಆ ಬಾಣಂತನದ ಖರ್ಚು ಯಾರದು ಎಂದೂ ಕೇಳಬೇಕು. ಹುಣಸೆ ಬಡಿಯುವ ಕಾಲ ಮತ್ತು ಹಕ್ಕಿ ಮರಿ ಮಾಡುವ ಕಾಲ ಅಲ್ಲಿ ಒಂದರ ಮೇಲೊಂದು ಬರುತ್ತವೆ. ಗೂಡಿರುವ ಕೊಂಬೆಗೆ ಗಳ ಹಾಕುವಂತಿಲ್ಲ. ಹಿಕ್ಕೆ ಬಿದ್ದು ಕಾಯಿ ಹಾಳಾಗುತ್ತದೆ. ಮೀನಿನ ವಾಸನೆ, ಇಡೀ ದಿನದ ಗದ್ದಲ, ಒಣಹಾಕಿದ ಬಟ್ಟೆಯ ಮೇಲೂ ಬಿಳಿ ಮಚ್ಚೆ. ಮರ ಮಾರಿದರೆ ಕೈಗೆ ಒಂದಿಷ್ಟು ದುಡ್ಡು ಬರುತ್ತದೆ ಎಂದು ಗೊತ್ತಿದ್ದೂ ಮಾರದೆ ಉಳಿದ ಸಣ್ಣ ರೈತರ ತ್ಯಾಗದ ಮೇಲೆ ಈ ಸಂತಾನ ನಿಂತಿದೆ. ಬದಲಿಗೆ ಅವರಿಗೆ ಸಿಕ್ಕಿದ್ದು ಗೊಬ್ಬರ. ಮರದಡಿ ಗುಂಡಿ ತೆಗೆದು ಕೆರೆಯ ಹೂಳು ತುಂಬಿಸಿ, ಅದರ ಮೇಲೆ ಹಿಕ್ಕೆ ಬೀಳಲು ಬಿಟ್ಟು, ಆ ಮಣ್ಣನ್ನು ಹೊಲಕ್ಕೆ ಹಾಕುವ ಪದ್ಧತಿ ಅಲ್ಲಿದೆ. ಫಸಲು ಕಳೆದುಕೊಂಡ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡೂ ಬಂತು. ಆ ಹಣ ಹುಣಸೆಯ ಮಾರುಕಟ್ಟೆ ದರದೊಂದಿಗೆ ಏರಬೇಕು, ಸುಗ್ಗಿಗೆ ಮುಂಚೆಯೇ ಕೈ ಸೇರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಖಾಸಗಿ ಮತ್ತು ಸಮುದಾಯದ ಭೂಮಿಯನ್ನೂ ಅದರ ಒಡೆಯರ ಒಪ್ಪಿಗೆಯಿಂದಲೇ ರಕ್ಷಿಸುವ ದಾರಿ ತೆರೆಯಿತು. 2007ರಲ್ಲಿ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಜನರನ್ನು ಒಕ್ಕಲೆಬ್ಬಿಸದೆ, ಬೇಲಿ ಹಾಕದೆ ಮಾಡಿದ ಘೋಷಣೆ ಎಂಬುದೇ ಅದರ ಹೆಚ್ಚುಗಾರಿಕೆ.

ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಮೈಸೂರಿನ ನಿಸರ್ಗಾಸಕ್ತರ ಜೊತೆಗೂಡಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡಿದ್ದರು. ಇಕ್ಕಟ್ಟಾದ ಗೂಡಿನಲ್ಲಿ ಮರಿಗಳು ಕಚ್ಚಾಡುತ್ತವೆ, ಗಾಳಿಗೆ ಕೊಂಬೆ ತೂಗುತ್ತದೆ, ಒಂದು ಮರಿ ಕೆಳಗೆ ಬೀಳುತ್ತದೆ. ಬಿದ್ದ ಮರಿಯನ್ನು ತಾಯಿ ಇಳಿದು ಬಂದು ಸಾಕುವುದಿಲ್ಲ. ನಾಯಿಯ ಬಾಯಿಗೆ ಹೋಗುವ ಮುನ್ನ ಅದನ್ನು ಎತ್ತಿಕೊಂಡು ಬಂದು, ಬೇಲಿಯೊಳಗೆ ಇರಿಸಿ, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಕೆಲಸವನ್ನು ಈ ಹುಡುಗರು ಮಾಡಿದರು. ಹೆಜ್ಜಾರ್ಲೆ ಮರಿಯ ಹಸಿವು ಸಣ್ಣದಲ್ಲ. ಮೀನು ಕಂಡೊಡನೆ ಕೊಕ್ಕಿನ ಚೀಲವನ್ನೇ ಮುಂದೆ ಚಾಚಿ ನುಗ್ಗುತ್ತದೆ. ಅಂಥ ಮರಿಗಳಿಗೆ ದಿನವೂ ಮೀನು ಹೊಂದಿಸುವುದು ಎಷ್ಟು ಕಷ್ಟ ಎಂದು ಯೋಚಿಸಿ. ಪರಿಸರ ಹೋರಾಟ ಎಂದರೆ ಫಲಕ ಹಿಡಿಯುವುದು ಎಂದುಕೊಂಡವರು ಈ ಬಳಗವನ್ನು ನೋಡಬೇಕು.

ಈಗ ಹವಾಮಾನದ ಪ್ರಶ್ನೆಗೆ ಬರುತ್ತೇನೆ. ಈ ಹಕ್ಕಿಗಳ ಮನೆ ಬೆಳ್ಳೂರಿನಲ್ಲಿದ್ದರೂ ಅಡುಗೆಮನೆ ಸುತ್ತಲಿನ ಕೆರೆಗಳಲ್ಲಿ ಮತ್ತು ಶಿಂಷಾ ನದಿಯಲ್ಲಿದೆ. ಕೆರೆಯಲ್ಲಿ ನೀರಿಲ್ಲದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಮರಿಗೆ ಗುಟುಕಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಬೇಸಿಗೆಯ ಮಧ್ಯಾಹ್ನ ಗೂಡಿನ ಕಡೆ ಕತ್ತೆತ್ತಿ ನೋಡಿದರೆ ಹೆಜ್ಜಾರ್ಲೆ ಬಾಯಿ ತೆರೆದು ಗಂಟಲ ಚೀಲವನ್ನು ಪಟಪಟನೆ ಅದುರಿಸುತ್ತಿರುವುದು ಕಾಣುತ್ತದೆ. ಮೈಯ ಬಿಸಿಯನ್ನು ಅದು ಹೊರಹಾಕುವ ಬಗೆ ಅದು. ಬಿಸಿಲು ಏರಿದಷ್ಟೂ ಅದಕ್ಕೆ ನೀರು ಬೇಕು, ನೆರಳು ಬೇಕು. ನಾವು ಎರಡನ್ನೂ ಕಡಿಮೆ ಮಾಡುತ್ತಿದ್ದೇವೆ. ಶಿಂಷೆಯ ಮರಳು ಬಗೆದವರು, ಕೆರೆ ಒತ್ತುವರಿ ಮಾಡಿದವರು, ರಾಜಕಾಲುವೆ ಮುಚ್ಚಿದವರು ಯಾವುದೋ ದೂರದ ದೇಶದವರಲ್ಲ.

2017ರ ಕೊನೆಯಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು. ಮರುವರ್ಷವೂ ಸಾವು ನಿಲ್ಲಲಿಲ್ಲ. ಮೀನಿನ ಮೂಲಕ ಹೊಟ್ಟೆ ಸೇರುವ ದುಂಡುಹುಳುಗಳು ಸತ್ತ ಹಕ್ಕಿಗಳಲ್ಲಿ ಸಿಕ್ಕವು. ಊರೊಳಗಿನ ಮರವನ್ನು ಎಷ್ಟೇ ಕಾದರೂ, ಊರಾಚೆಯ ಕೆರೆ ಕೆಟ್ಟರೆ ಹಕ್ಕಿಗೆ ಉಳಿಗಾಲವಿಲ್ಲ ಎಂಬುದನ್ನು ಆ ಸಾವುಗಳು ಕಣ್ಣೆದುರು ತಂದಿಟ್ಟವು.

ಹಾಗಾದರೆ ನೀವು ಎಲ್ಲಿಂದ ತೊಡಗಬೇಕು? ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ, ಹಕ್ಕಿ, ಮೀನು, ಬೀಜಗಳ ವಿವರವುಳ್ಳ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಅದನ್ನು ತೋರಿಸಿ ಎಂದು ಕೇಳಿ. ಬೀರುವಿನಲ್ಲಿ ದೂಳು ತಿನ್ನುತ್ತಿದ್ದರೆ ಹೊರಗೆ ತೆಗೆಸಿ, ಅಜ್ಜಅಜ್ಜಿಯರ ಪಕ್ಕ ಕುಳಿತು ತಿದ್ದಿ. ಕೆರೆಯ ಸರ್ವೆ ನಂಬರು, ಅದರ ವಿಸ್ತೀರ್ಣ, ಈಗ ಉಳಿದಿರುವುದೆಷ್ಟು, ಬೇಸಿಗೆಯ ಯಾವ ತಿಂಗಳಲ್ಲಿ ನೀರು ತಳ ಹತ್ತುತ್ತದೆ ಎಂಬುದನ್ನು ಬರೆದುಕೊಂಡು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ. ಆಲ, ಅರಳಿ, ಗೋಣಿ, ಹುಣಸೆ ಸಸಿಗಳನ್ನು ನೆಡುವುದಾದರೆ ನೆಟ್ಟ ದಿನದ ಫೋಟೊಗಿಂತ ಮೂರನೆಯ ಬೇಸಿಗೆಯ ನೀರಿನ ಲೆಕ್ಕ ಇಟ್ಟುಕೊಳ್ಳಿ. ಹೆಜ್ಜಾರ್ಲೆಯ ಗೂಡಿನ ಭಾರ ಹೊರುವಂತೆ ಹುಣಸೆ ಬೆಳೆಯಲು ದಶಕಗಳೇ ಬೇಕು. ಇಂದಿನ ಮುದಿ ಮರಗಳು ಉರುಳುವ ಹೊತ್ತಿಗೆ ಅವು ಸಿದ್ಧವಾಗಿರಬೇಕಾದರೆ ನೆಡುವುದು ಈ ವರ್ಷವೇ ಆಗಬೇಕು.

ಈ ಸಭಾಂಗಣದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಬಂದವರು ಯಾರಿದ್ದೀರಿ, ಕೈ ಎತ್ತಿ. ನಿಮ್ಮ ಊರಿನ ಕೆರೆಯ ಹೆಸರಿನಿಂದಲೇ ಇಂದಿನ ಚರ್ಚೆಯನ್ನು ಆರಂಭಿಸೋಣ.