ಚಿಪ್ಪುಹಂದಿ ಹಲ್ಲಿಯ ಜಾತಿಯಲ್ಲ, ಸಸ್ತನಿ

ಹಣೆಯಿಂದ ಬಾಲದ ತುದಿವರೆಗೆ ಚಿಪ್ಪೋ ಚಿಪ್ಪು, ಬಾಯಲ್ಲಿ ಒಂದೂ ಹಲ್ಲಿಲ್ಲ. ಇದೇ ಚಿಪ್ಪುಹಂದಿ. ಮೊದಲ ಸಲ ಕಂಡವರು ಉಡವನ್ನೋ ಮೊಸಳೆಯನ್ನೋ ನೆನೆಯುತ್ತಾರೆ. ಆದರೆ ಇದು ಹಸು, ನಾಯಿ, ನಮ್ಮ ನಿಮ್ಮಂತೆ ಸಸ್ತನಿ.

ಹೊಟ್ಟೆಯ ಭಾಗ ನೋಡಿ. ಅಲ್ಲಿ ಚಿಪ್ಪಿಲ್ಲ, ತೆಳ್ಳಗೆ ಕೂದಲಿದೆ. ಕೂದಲು ಸಸ್ತನಿಗಳಿಗಷ್ಟೇ ಇರುತ್ತದೆ. ಚಿಪ್ಪು ಕೂಡ ಕೆರಾಟಿನ್, ಅಂದರೆ ನಮ್ಮ ಉಗುರಿನಲ್ಲಿರುವ ವಸ್ತುವೇ. ಔಷಧಿ ಅಂತ ಇದಕ್ಕಾಗಿ ಈ ಜೀವವನ್ನು ಕೊಲ್ಲುವುದು ನಿಜಕ್ಕೂ ಅನ್ಯಾಯ.

ಎರಡನೆಯದು ಹಾಲು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಸಸ್ತನಿಗಳ ಗುಂಪಿಗೆ ಹೆಸರಿಟ್ಟದ್ದು ಮೊಲೆಯ ಆಧಾರದ ಮೇಲೆ. ಇಲ್ಲಿ ಎರಡು ಕಡೆ ಎಡವುತ್ತೇವೆ. ಪಾರಿವಾಳವೂ ಮರಿಗೆ 'ಹಾಲು' ಕೊಡುತ್ತದಲ್ಲ ಅನ್ನಬಹುದು. ಅದು ಗಂಟಲ ಚೀಲದ ಒಳಪದರದಿಂದ ಬರುವಂಥದ್ದು, ಗಂಡು ಪಾರಿವಾಳವೂ ಕೊಡುತ್ತದೆ. ಸ್ತನಗ್ರಂಥಿಯ ಹಾಲಲ್ಲ. ಇನ್ನು 'ಮರಿ ಹಾಕುವುದೆಲ್ಲ ಸಸ್ತನಿ' ಅನ್ನುವ ಮಾತು. ಕೊಳಕುಮಂಡಲ ಹಾವೂ ಮರಿ ಹಾಕುತ್ತದೆ! ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆ ಇಡುತ್ತದೆ, ಆದರೂ ಸಸ್ತನಿ. ಅದಕ್ಕೆ ಮೊಲೆತೊಟ್ಟಿಲ್ಲ. ಹೊಟ್ಟೆಯ ಚರ್ಮದಿಂದ ಹಾಲು ಜಿನುಗುತ್ತದೆ, ಮರಿ ಅಲ್ಲಿಂದಲೇ ಕುಡಿಯುತ್ತದೆ.

ಬರೀ ತಲೆಬುರುಡೆ ಸಿಕ್ಕರೆ? ಆಗ ಹಾಲೂ ಇಲ್ಲ, ಕೂದಲೂ ಇಲ್ಲ. ಕೆಳದವಡೆಯನ್ನು ನೋಡಬೇಕು. ಸಸ್ತನಿಗೆ ಎಡಕ್ಕೊಂದು, ಬಲಕ್ಕೊಂದು ಮೂಳೆ, ಅಷ್ಟೇ. ಹಲ್ಲಿ, ಮೊಸಳೆಗಳಲ್ಲಿ ಒಂದೊಂದು ಪಕ್ಕಕ್ಕೂ ಹಲವು ಮೂಳೆ ಸೇರಿಕೊಂಡಿರುತ್ತವೆ. ನನಗೆ ಎಲ್ಲಕ್ಕಿಂತ ಸೋಜಿಗ ಅನಿಸುವುದು ಇದು: ಪೂರ್ವಜರಲ್ಲಿ ದವಡೆಯ ಕೀಲಾಗಿದ್ದ ಎರಡು ಮೂಳೆಗಳು ಸಸ್ತನಿಗಳಲ್ಲಿ ಕಿರಿದಾಗುತ್ತಾ ನಡುಗಿವಿಗೆ ಸರಿದವು. ಅವೇ ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಕಿವಿಮೂಳೆಗಳು. ಮೊದಲೇ ಅಲ್ಲಿದ್ದ ರಿಕಾಪು ಎಂಬ ಮೂಳೆ ಸೇರಿ ಒಟ್ಟು ಮೂರು. ಹಕ್ಕಿಗೆ, ಹಾವಿಗೆ ನಡುಗಿವಿಯಲ್ಲಿ ಒಂದೇ ಮೂಳೆ.

ಮತ್ತೆ ಚಿಪ್ಪುಹಂದಿಗೆ ಬರೋಣ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ಹುಟ್ಟಿದಾಗ ಚಿಪ್ಪು ಮೆತ್ತಗಿರುತ್ತದೆ. ಸ್ವಲ್ಪ ಬಲಿತ ಮೇಲೆ ಅಮ್ಮನ ಬಾಲದ ಬುಡದ ಮೇಲೆ ಕೂತು ಓಡಾಡುತ್ತದೆ. ಅಪಾಯ ಕಂಡರೆ ಅಮ್ಮ ಮರಿಯನ್ನು ಹೊಟ್ಟೆಗೆ ಸೇರಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತಾಳೆ. ತೋಟದಲ್ಲೋ ಕಾಡಂಚಿನಲ್ಲೋ ಹಾಗೆ ಸುತ್ತಿಕೊಂಡದ್ದು ಕಂಡರೆ ದಯವಿಟ್ಟು ಬಿಡಿಸಲು ಹೋಗಬೇಡಿ. ನಾಯಿಗಳನ್ನು ಅಟ್ಟಿ, ದೂರ ಸರಿದು, ಅರಣ್ಯ ಇಲಾಖೆಗೆ ತಿಳಿಸಿ. ಒಳಗೆ ಮರಿ ಇರಬಹುದು.