ಚೆಲ್ಲೊ ನಗುತ್ತದೆ, ಕೇಳಿ

ಎಲ್ಲರಿಗೂ ನಮಸ್ಕಾರ. ರಾಯಚೂರು ಆಕಾಶವಾಣಿಯವರು ಪಾಶ್ಚಾತ್ಯ ಸಂಗೀತದ ಬಗ್ಗೆ ಮಾತಾಡಿ ಅಂದರು. ನಾನು ಚೆಲ್ಲೊ ಬಗ್ಗೆ, ಅದೂ ಅದರ ಖುಷಿಯ ಬಗ್ಗೆ ಮಾತ್ರ ಮಾತಾಡುತ್ತೇನೆ ಅಂದೆ. ಒಪ್ಪಿದರು. ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಯ ಭಜನಾ ಮಂಡಳಿಯವರು ಕೇಳುತ್ತಿದ್ದೀರಿ ಅಂದುಕೊಂಡೇ ಹೇಳುತ್ತೇನೆ.

ಚೆಲ್ಲೊ ಪಿಟೀಲಿನ ಕುಲದ್ದೇ, ಗಾತ್ರದಲ್ಲಿ ದೊಡ್ಡದು. ನಾಲ್ಕು ತಂತಿ. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ಹಿಡಿದು, ಕಮಾನಿನಿಂದ ನುಡಿಸುತ್ತಾರೆ. ನಮ್ಮ ಸಿನಿಮಾದವರು ಮಾತ್ರ ಯಾರಾದರೂ ಸತ್ತಾಗಲೇ ಅದನ್ನು ಹೊರಗೆ ತೆಗೆಯುತ್ತಾರೆ. ಹಾಗಾಗಿ ಜನಕ್ಕೆ ಚೆಲ್ಲೊ ಅಂದರೆ ಅಳು. ಅಲ್ಲ ಸ್ವಾಮಿ, ಚೆಲ್ಲೊ ನಗುತ್ತದೆ!

ಇವತ್ತು ನಾನು ತಂದಿರುವ ಧ್ವನಿಮುದ್ರಿಕೆಯಲ್ಲಿ ಒಬ್ಬ ಚೆಲ್ಲೊ ಕಲಾವಿದೆ ಸಂತೋಷದ ಕೃತಿಗಳನ್ನೇ ಆರಿಸಿ ನುಡಿಸಿದ್ದಾರೆ. ಕೆಲವು ಹಾಡುಗಳನ್ನೂ ಚೆಲ್ಲೊಗೆ ಹೊಂದಿಸಿಕೊಂಡಿದ್ದಾರೆ. ಮೊದಲನೆಯದು ಹೈಡನ್ ಅನ್ನುವ ಸಂಗೀತ ರಚನಕಾರರ ಸಿ ಮೇಜರ್ ಕನ್ಚರ್ಟೊದ ಕೊನೆಯ ಭಾಗ. ಕನ್ಚರ್ಟೊ ಅಂದರೆ ಒಂದು ವಾದ್ಯ ಮುಂದಿದ್ದು, ವಾದ್ಯವೃಂದ ಅದರ ಜೊತೆ ನುಡಿಸುವ ಕೃತಿ; ಸಿ ಮೇಜರ್ ಅನ್ನುವುದು ಅದರ ಸ್ವರಶ್ರೇಣಿಯ ಹೆಸರು. ಇದರ ಕಥೆ ಹೇಳದೆ ನಾನು ಮುಂದೆ ಹೋಗಲಾರೆ.

ಹೈಡನ್ ಆಸ್ಟ್ರಿಯಾದವರು. 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಆಸ್ಥಾನ ಸೇರಿದರು. ಅಲ್ಲಿ ಯೋಸೆಫ್ ವೈಗ್ಲ್ ಅನ್ನುವ ಚೆಲ್ಲೊ ವಾದಕರಿದ್ದರು. ಅವರಿಗಾಗಿ ಈ ಕೃತಿ ಬರೆದರು. ಆಮೇಲೆ ಅದು ಕಳೆದೇ ಹೋಯಿತು! ಹೈಡನ್ ತಮ್ಮ ಕೃತಿಗಳ ಪಟ್ಟಿಯಲ್ಲಿ ಅದರ ಆರಂಭದ ಸ್ವರಗಳನ್ನು ಬರೆದಿಟ್ಟಿದ್ದರು, ಅಷ್ಟೇ. ಹೀಗೊಂದು ಕೃತಿ ಇತ್ತು ಅಂತ ಗೊತ್ತು, ಕೇಳಿದವರು ಯಾರೂ ಇಲ್ಲ. ಸುಮಾರು 200 ವರ್ಷ ಇದೇ ಕಥೆ. 1961ರಲ್ಲಿ ಪ್ರಾಗ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪುಲ್ಕರ್ಟ್ ಅನ್ನುವ ವಿದ್ವಾಂಸರಿಗೆ ಹಳೆಯ ಕಾಗದಗಳ ನಡುವೆ ಒಂದು ಕೈಬರಹದ ಪ್ರತಿ ಸಿಕ್ಕಿತು. ಪಟ್ಟಿಯ ಸ್ವರಗಳಿಗೆ ತಾಳೆ ಹಾಕಿದರೆ, ಅದೇ! ಮರುವರ್ಷ ಪ್ರಾಗ್‌ನಲ್ಲೇ ಮಿಲೋಶ್ ಸಾಡ್ಲೊ ಅದನ್ನು ನುಡಿಸಿದರು. ಇವತ್ತು ದೊಡ್ಡ ದೊಡ್ಡ ಚೆಲ್ಲೊ ಕಲಾವಿದರೆಲ್ಲ ಅದನ್ನು ನುಡಿಸುತ್ತಾರೆ.

ಕೊನೆಯ ಭಾಗದಲ್ಲಿ ವಾದ್ಯವೃಂದ ಓಡುತ್ತಿರುತ್ತದೆ. ಚೆಲ್ಲೊ ಬರುತ್ತದೆ, ಒಂದೇ ಸ್ವರ ಹಿಡಿದು ಸುಮ್ನೆ ನಿಲ್ಲುತ್ತದೆ. ಸುತ್ತ ಎಲ್ಲರೂ ಓಡುತ್ತಿದ್ದರೂ ಕದಲುವುದಿಲ್ಲ. ಆಮೇಲೆ ಒಮ್ಮೆಲೇ ಸರಸರ ಮೇಲೇರಿ ಎಲ್ಲರನ್ನೂ ಹಿಂದೆ ಹಾಕುತ್ತದೆ. ಇದು ಅಳುವ ವಾದ್ಯವಾ? ನೀವೇ ಹೇಳಿ.

ನನಗೆ ಕೊಟ್ಟ ಸಮಯದಲ್ಲಿ ಹೈಡನ್ ಪಾಲು ಜಾಸ್ತಿಯಾಯಿತು. ಉಳಿದದ್ದು ಬೇಗ ಹೇಳುತ್ತೇನೆ. ಚೆಲ್ಲೊಗೆ ಹೊಂದಿಸಿದ ಹಾಡುಗಳಲ್ಲಿ ಒಂದು ಶೂಬರ್ಟ್ ಅನ್ನುವ ರಚನಕಾರರದ್ದು. ಅವರು 1817ರಲ್ಲಿ ಟ್ರೌಟ್ ಮೀನಿನ ಮೇಲೆ ಈ ಹಾಡು ಕಟ್ಟಿದರು. ತಿಳಿನೀರಿನಲ್ಲಿ ಮೀನು ಆಡುತ್ತಿರುತ್ತದೆ. ಗಾಳದವನು ನೀರು ಕದಡಿ ಅದನ್ನು ಹಿಡಿಯುತ್ತಾನೆ. ಜಗನ್ನಾಥದಾಸರ ಪದವನ್ನು ಯಾರಾದರೂ ಪಿಟೀಲಿನಲ್ಲಿ ನುಡಿಸಿದರೆ ಸಾಹಿತ್ಯ ತಾನಾಗಿಯೇ ನಿಮ್ಮ ಬಾಯಿಗೆ ಬರುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ನಮಗೆ ಜರ್ಮನ್ ಬರುವುದಿಲ್ಲ, ಚೆಲ್ಲೊಗೆ ಮಾತಿಲ್ಲ. ಹಾಗಾಗಿ ನನ್ನ ಕಿವಿಗೆ ಆ ಮೀನು ಕೊನೆತನಕ ಜಿಗಿಯುತ್ತಲೇ ಇರುತ್ತದೆ.

ಒಂದು ವಿನಂತಿ. ಆಮೇಲೆ ಇದನ್ನು ಹುಡುಕಿ ಫೋನಿನ ಸ್ಪೀಕರ್‌ನಲ್ಲಿ ಕೇಳಿ, ಏನೂ ಸ್ವಾರಸ್ಯವಿಲ್ಲ ಅನ್ನಬೇಡಿ. ಚೆಲ್ಲೊದ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ದನಿ ಆ ಸಣ್ಣ ಸ್ಪೀಕರ್‌ನಿಂದ ಹೊರಡುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ಇಲ್ಲವೇ ಭಜನೆಯ ಸ್ಪೀಕರ್ ಬಾಕ್ಸಿಗೆ ಹಚ್ಚಿ.

ಈಗ ಹೈಡನ್ ಹಾಕಿಸುತ್ತೇನೆ. ಆ ಉದ್ದನೆಯ ಸ್ವರ ಬಂದ ಕೂಡಲೇ ಮನೆಯ ಮಕ್ಕಳನ್ನು ಕರೆಯಿರಿ. ನಮಸ್ಕಾರ.